ಗರಗಸದ ಗೆರೆ ಮತ್ತು ಶ್ರಾವಕನ ಎಚ್ಚರ

ಗೃಹಸ್ಥನು ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಲಾರನೆಂಬುದನ್ನು ಜೈನಾಚಾರ್ಯರು ಬಲ್ಲರು. ಆದುದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು. ಉಳಿದವುಗಳನ್ನು ಆದಷ್ಟು ಮಿತಗೊಳಿಸಬೇಕು. ಅಡಿಗೆ, ಕಸಗುಡಿಸುವುದು, ಮನೆಯ ದುರಸ್ತಿ ಮೊದಲಾದವು ಆರಂಭೀ ಹಿಂಸೆಗೆ ಸೇರುತ್ತವೆ. ಈ ರಿಯಾಯಿತಿಯ ಎಲ್ಲೆ ಎಲ್ಲಿಯವರೆಗೆ? ಒಂದು ಪ್ಲೈವುಡ್ ಹಲಗೆಯನ್ನು ಕೊಯ್ಯುವ ಸಣ್ಣ ಕೆಲಸದಲ್ಲಿಯೂ ಈ ಪ್ರಶ್ನೆ ಎದುರಾಗುತ್ತದೆ.

ಶಿವಮೊಗ್ಗ-ಭದ್ರಾವತಿ ರಸ್ತೆಯ ಮಲವಗೊಪ್ಪದಲ್ಲಿ ಗೃಹಸ್ಥನೊಬ್ಬನು ಮನೆಯ ಶಾಸ್ತ್ರಗ್ರಂಥಗಳಿಗೆ ತಾನೇ ಕಪಾಟು ಮಾಡಹೊರಟನೆಂದು ಭಾವಿಸಬಹುದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆಯನ್ನು ತಂದಿದ್ದಾನೆ. 1220 ಮಿಲಿಮೀಟರ್ ಅಗಲವನ್ನು ನಾಲ್ಕು ಪಾಲು ಮಾಡಿ, 305ರಂತೆ ಒಂದೊಂದೇ ತುಂಡನ್ನು ಅಳೆದು, ಗೆರೆ ಎಳೆದು ಕೊಯ್ಯುತ್ತಾನೆ. ಭಾಗಾಕಾರ ಸರಿಯಾಗಿದೆ, ಆದರೆ ಗರಗಸವೂ ತನ್ನ ಪಾಲನ್ನು ಕೇಳುತ್ತದೆ. ಅಲಗು ಪ್ರತಿ ಕೊಯ್ತಕ್ಕೆ 3 ಮಿಲಿಮೀಟರ್ ಮರವನ್ನು ಹೊಟ್ಟು ಮಾಡಿದರೆ, ಮೂರು ಕೊಯ್ತಗಳಿಗೆ 9 ಆಯಿತು. ಕೊನೆಯ ತುಂಡಿಗೆ ಉಳಿಯುವುದು 296 ಮಾತ್ರ. ಮೊದಲೇ ಯೋಚಿಸಿ 302ರಂತೆ ಅಳೆದಿದ್ದರೆ ನಾಲ್ಕೂ ಸಮನಾಗುತ್ತಿದ್ದವು. ಕಪಾಟು ಓರೆಯಾಗುವುದೆಂದು ಆತನು ಇನ್ನೊಂದು ಹಲಗೆಗಾಗಿ ಅಂಗಡಿಗೆ ಹೊರಡುತ್ತಾನೆ.

ಅಂಗಡಿಗೆ ಬಂದ ಹಲಗೆ ಅಚಿತ್ತವಾದುದು. ಅದನ್ನು ಓರೆಯಾಗಿ ಕೊಯ್ದರೆ ಯಾವ ಜೀವಕ್ಕೆ ನೋವು? ಇದು ಕೈಚಳಕದ ಕೊರತೆಯೇ ಹೊರತು ಧರ್ಮದ ವಿಷಯವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಕೈಪಳಗಿದ ಲೋಭಿಯೂ ನೇರವಾಗಿ ಕೊಯ್ಯಬಲ್ಲನು. ನೇರವಾದ ಅಂಚು ತನ್ನಷ್ಟಕ್ಕೆ ಪುಣ್ಯವಲ್ಲ. ಆದರೆ ಎರಡನೆಯ ಹಲಗೆಯ ಬೇಡಿಕೆ ಇನ್ನೂ ನಿಂತಿರುವ ಮರವೊಂದರ ಕಡೆಗೇ ಸಾಗುತ್ತದೆ. ಈ ಸೀಮೆಯವರಿಗೆ ಅದನ್ನು ವಿವರಿಸಬೇಕಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಮಲೆನಾಡಿನ ಕಟ್ಟಿಗೆಯ ಇದ್ದಿಲೇ ಇಂಧನವಾಗಿತ್ತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೂ ಬಿದಿರು, ಮರಗಳೇ ಬೇಕಾದವು. ದೂರದಲ್ಲಿ ಬಳಕೆಯಾದ ವಸ್ತುವಿನ ಬೆಲೆಯನ್ನು ಕಾಡು ತೆರುವುದನ್ನು ಇಲ್ಲಿಯ ಹಿರಿಯರು ಕಣ್ಣಾರೆ ಕಂಡಿದ್ದಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾದ ವನಸ್ಪತಿಚ್ಛೇದವನ್ನು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಎಣಿಸಿದ್ದಾರೆ. ಪ್ರಯೋಜನವನ್ನು ವಿಚಾರಿಸದೆ ಅಧಿಕವಾಗಿ ಕಾರ್ಯವೆಸಗುವ ಅಸಮೀಕ್ಷ್ಯಾಧಿಕರಣವು ಅದೇ ವ್ರತದ ಅತಿಚಾರ. ಹಾಗಾದರೆ ಕಪಾಟಿಗೆ ಅಗತ್ಯವಾದ ಮೊದಲನೆಯ ಹಲಗೆ ಆರಂಭದ ಎಲ್ಲೆಯೊಳಗಿದೆ; ಅಲಕ್ಷ್ಯದಿಂದ ಬೇಕಾದ ಎರಡನೆಯದು ಆ ಎಲ್ಲೆಯನ್ನು ದಾಟಿ ಅನರ್ಥದಂಡವನ್ನು ಮುಟ್ಟುತ್ತದೆ. ಅಂಗಡಿಯ ಚೀಟಿಯಲ್ಲಿ ಎರಡೂ ಒಂದೇ ದರ. ಧರ್ಮದ ಲೆಕ್ಕದಲ್ಲಿ ಬೇರೆ ಬೇರೆ.

ಆದುದರಿಂದ ಎಚ್ಚರವು ಕೊಯ್ಯುವ ಮುನ್ನವೇ ಮೊದಲಾಗಬೇಕು. ಹಗಲು ಬೆಳಕಿನಲ್ಲಿ ಹಲಗೆಯ ಎರಡೂ ಮೈಗಳನ್ನು ನೋಡಿ, ಇರುವೆ, ಹುಳುಗಳಿದ್ದರೆ ಮೆಲ್ಲನೆ ಸರಿಸಬೇಕು. ಎಲ್ಲ ತುಂಡುಗಳ ನಕ್ಷೆಯನ್ನು ಕಾಗದದ ಮೇಲೆ ಬರೆದು, ಗರಗಸದ ಪಾಲನ್ನೂ ಸೇರಿಸಿಕೊಳ್ಳಬೇಕು. ಗೆರೆಯ ಯಾವ ಬದಿ ವ್ಯರ್ಥಭಾಗವೆಂದು ಗುರುತು ಹಾಕಬೇಕು. ಗೆರೆಯನ್ನು ಚಾಕುವಿನಿಂದ ಗೀರಿದರೆ ಮೇಲ್ಪದರ ಸಿಬಿರೇಳುವುದು ತಗ್ಗುತ್ತದೆ. ವಿದ್ಯುತ್ ಗರಗಸದ ತಳಪಟ್ಟಿಯ ಅಂಚಿನಿಂದ ಅಲಗಿನವರೆಗಿನ ದೂರವನ್ನು ಚೂರು ಹಲಗೆಯ ಮೇಲೆ ಕೊಯ್ದು ನೋಡಿ, ಗೆರೆಯಿಂದ ಅಷ್ಟೇ ದೂರದಲ್ಲಿ ನೇರವಾದ ಪಟ್ಟಿಯೊಂದನ್ನು ಎರಡೂ ತುದಿಗಳಲ್ಲಿ ಬಿಗಿಯಬೇಕು. ಕೊಯ್ತದ ಎರಡು ಬದಿಗೂ ಆಸರೆಯಿರಬೇಕು. ಕೊನೆಗೆ ಎದುರು ಬದಿಗಳೂ ಎರಡು ಕರ್ಣಗಳೂ ಪರಸ್ಪರ ಸಮನಾಗಿದ್ದರೆ ಮೂಲೆಗಳು ಸರಿಯಾಗಿವೆಯೆಂದು ತಿಳಿಯಬಹುದು.

ಇಷ್ಟೆಲ್ಲ ಮಾಡಿಯೂ ಹೊಸಬನ ಕೈ ತಪ್ಪಬಹುದು. ಅದು ಅಭ್ಯಾಸದ ಕೊರತೆ, ಪ್ರಮಾದವಲ್ಲ. ಅಂತಹ ಹಲಗೆಯನ್ನು ಎಸೆಯದೆ ಚಿಕ್ಕ ವ್ಯಾಸಪೀಠಕ್ಕೋ ಪೆಟ್ಟಿಗೆಗೋ ಒದಗಿಸುವುದು ವಿವೇಕ. ಓರೆಯನ್ನು ಲಪ್ಪದಿಂದ ಮುಚ್ಚಿ, ನಿರ್ದೋಷವೆಂದು ಹೇಳಿ ಬಸದಿಗೆ ಒಪ್ಪಿಸುವುದು ಮಾತ್ರ ದೋಷಕ್ಕೆ ಅಸತ್ಯವನ್ನೂ ಕೂಡಿಸಿದಂತೆ. ಬಸದಿಯ ಟ್ರಸ್ಟುಗಳೂ ಮರಗೆಲಸಕ್ಕೆ ಮೊದಲು ಕೊಯ್ತದ ನಕ್ಷೆಯನ್ನು ಕೇಳಿ ಪಡೆಯುವುದು ಲೇಸು. ದಾನಿಗಳ ದ್ರವ್ಯವೂ ಉಳಿಯುವುದು, ಮರವೂ ಉಳಿಯುವುದು.

ಅಪ್ರಮಾದವನ್ನು ಪರ್ವದ ದಿನಗಳಿಗೆ ಮೀಸಲಿಟ್ಟವನಿಗೆ ಅದು ಪರ್ವದ ದಿನವೂ ಒದಗಲಾರದು. ಗರಗಸವನ್ನು ಎತ್ತುವ ಮುನ್ನ ಮತ್ತೊಮ್ಮೆ ಅಳೆಯುವ ಆ ಒಂದು ನಿಮಿಷದಲ್ಲಿಯೂ ಶ್ರಾವಕನ ವ್ರತವು ಜೀವಂತವಾಗಿರಬಲ್ಲದು.