ಇಂದಿನ ಚಿಂತನೆ: ಸೂಜಿ ಯಾರ ಸಲುವಾಗಿ?



ಸಂಯುತ್ತ ನಿಕಾಯದ ದೋಣಪಾಕ ಸುತ್ತದಲ್ಲಿ ಕೋಸಲದ ರಾಜ ಪಸೇನದಿ ಕೊಳಗಗಟ್ಟಲೆ ಅನ್ನ ಉಂಡು, ಏದುಸಿರು ಬಿಡುತ್ತ ಬುದ್ಧರ ಬಳಿ ಬರುತ್ತಾನೆ. ಬುದ್ಧರು ಬೈಯಲಿಲ್ಲ, ನಗಲಿಲ್ಲ. ಊಟದ ಮಿತಿ ಅರಿತವನ ದೇಹಬಾಧೆ ಕಡಿಮೆಯಾಗುತ್ತದೆ ಎಂಬ ಅರ್ಥದ ಗಾಥೆ ಹೇಳಿದರು. ರಾಜ ತನ್ನ ಹಿಂದೆ ನಿಂತಿದ್ದ ತರುಣ ಸುದಸ್ಸನನಿಗೆ ಅದನ್ನು ಕಲಿತು ದಿನಾ ಊಟದ ಹೊತ್ತಿಗೆ ಹೇಳಲು ನೇಮಿಸಿದ. ಸಂಬಳ ದಿನಕ್ಕೆ 100 ಕಹಾಪಣ. ಬರಬರುತ್ತ ರಾಜನ ಊಟ ಇಳಿಯಿತು, ಮೈ ಹಗುರಾಯಿತು. ರಾಜನಾದರೂ ಅವನೊಬ್ಬನಿಂದಲೇ ಅದು ಆಗಲಿಲ್ಲ.

ಈಗ ಇದಕ್ಕೆ ವಾರಕ್ಕೊಂದು ಸೂಜಿ ಬಂದಿದೆ. ಸೆಮಾಗ್ಲುಟೈಡ್ ಎಂಬ ಔಷಧಿ ಕರುಳಿನ ಒಂದು ಹಾರ್ಮೋನಿನಂತೆ ಕೆಲಸ ಮಾಡಿ, ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುತ್ತದೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ 12 ವರ್ಷ ತುಂಬಿದ, ಬೊಜ್ಜಿನಿಂದ ಬಳಲುವ ಮಕ್ಕಳಿಗೂ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದಲ್ಲಿ ವೆಗೋವಿ ಹೆಸರಿನಲ್ಲಿ 2025ರ ಜೂನ್‌ನಲ್ಲಿ ಮಾರಾಟಕ್ಕೆ ಬಂತು, ಅದೂ ದೊಡ್ಡವರಿಗೆ.

ಮಾನ್ವಿ ಕಡೆಯ ತಾಯಿಯೊಬ್ಬರು ಪಾಲಕರ ಸಭೆ ಮುಗಿದ ಮೇಲೆ ನನ್ನನ್ನು ಕೇಳಿದರು: "ತೆಳ್ಳಗಾಗೋ ಸೂಜಿ ಬಂದಾವಂತಲ್ರಿ ಟೀಚರ್, ನಮ್ಮ ಹುಡುಗಿಗೂ ಹಾಕಿಸಿದ್ರ ಹ್ಯಾಂಗ್ರಿ? ನಾಳೆ ಗಂಡಿನ ಕಡೆಯವರು ಬಂದ್ರ ಏನಂತಾರ?" ಹುಡುಗಿಗೆ 14 ವರ್ಷ.

ಈ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದು ಔಷಧಿಯದು. ಚೀವರ, ಭಿಕ್ಷಾನ್ನ, ವಸತಿಯ ಜೊತೆಗೆ ಔಷಧಿಯನ್ನೂ ಭಿಕ್ಷುವಿನ ನಾಲ್ಕು ಅಗತ್ಯಗಳಲ್ಲಿ ಧಮ್ಮ ಎಣಿಸಿದೆ. ಬೊಜ್ಜಿನಿಂದ ಎಳೆಯ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ, ಬಿಪಿ ಬರಬಹುದು. ಪರೀಕ್ಷೆ ಮಾಡಿದ ವೈದ್ಯರು ಬೇಕೆಂದರೆ, ಅದನ್ನು ಸೋಮಾರಿಗಳ ದಾರಿ ಎನ್ನಲು ನಾವ್ಯಾರು? ಆದರೆ ಸೂಜಿ ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುವುದೂ ಕಂಡುಬಂದಿದೆ. 14 ವರ್ಷದವಳ ಮುಂದೆ ಇಡೀ ಬದುಕಿದೆ, ಅದನ್ನೂ ಲೆಕ್ಕ ಹಾಕಬೇಕು.

ಎರಡನೆಯ ಪ್ರಶ್ನೆ ಗಂಡಿನ ಕಡೆಯವರದು. ಊಟ ಮದಕ್ಕಲ್ಲ, ಅಂದಕ್ಕಲ್ಲ, ದೇಹ ನಡೆಯಲಿಕ್ಕೆ ಎಂದು ಭಿಕ್ಷು ಉಣ್ಣುವಾಗ ನೆನೆಯುತ್ತಾನೆ. ಸೂಜಿಗೂ ಅದೇ ತಕ್ಕಡಿ. ಹುಡುಗಿಯ ಉಸಿರಾಟ ಸಲೀಸಾಗಲೆಂದರೆ ಅದು ಔಷಧಿ. ಇನ್ನೂ ಬಾರದ ವರನ ಕಣ್ಣಿಗೆಂದರೆ, ಆ ರೋಗ ಅವಳದಲ್ಲ.

ನಾನು ಅಂದೆ: "ಅಕ್ಕ, ರಾಯಚೂರಿಗೆ ಕರಕೊಂಡು ಹೋಗಿ ಮಕ್ಕಳ ಡಾಕ್ಟರಿಗೆ ತೋರಸ್ರಿ. ಸೂಜಿ ಮಾತು ಅವರು ಹೇಳ್ಲಿ. ಮದುವಿ ಮಾತು ಮಾತ್ರ ಆಕಿ ಮುಂದ ಎತ್ತಬ್ಯಾಡ್ರಿ."

2021ರ ಡಿಸೆಂಬರ್‌ನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಮೊದಲು ಬಂದ ಜಿಲ್ಲೆಗಳಲ್ಲಿ ರಾಯಚೂರೂ ಒಂದು, ಇಲ್ಲಿ ಸೊರಗಿದ ಮಕ್ಕಳು ಹೆಚ್ಚೆಂಬ ಕಾರಣಕ್ಕೆ. ದೇವದುರ್ಗವಿರಲಿ, ಮಾನ್ವಿಯಿರಲಿ, ಊಟದ ಸಾಲಿನಲ್ಲಿ ಸೊರಗಿದ ಮಗುವಿಗೆ ನಾವು ಮರುಗುತ್ತೇವೆ, ದಪ್ಪನೆಯ ಮಗುವನ್ನು ಡುಮ್ಮಿ ಎನ್ನುತ್ತೇವೆ. ನಗುವಿಗೆ ಹೆದರಿ ತನ್ನ ಮೊಟ್ಟೆಯನ್ನು ಗೆಳತಿಗೆ ಕೊಟ್ಟುಬಿಡುವ ಹುಡುಗಿಯನ್ನು ನಾನು ನೋಡಿದ್ದೇನೆ. ಈ ನಾಚಿಕೆಗೆ ಯಾವ ಸೂಜಿಯೂ ಇಲ್ಲ. ಅದನ್ನು ಹಚ್ಚಿದವರು ನಾವು, ಬಿಡಿಸಬೇಕಾದವರೂ ನಾವೇ.

ಸೂಜಿ ಇರಲಿ, ಇಲ್ಲದಿರಲಿ, ಮಗುವಿಗೊಬ್ಬ ಸುದಸ್ಸನ ಬೇಕು. ಜೊತೆಗೆ ಕುಳಿತು ಅದೇ ರೊಟ್ಟಿ, ಅದೇ ಪಲ್ಯ ಉಣ್ಣುವವನು, ಸಂಜೆ ಜೊತೆಗೆ ನಡೆಯುವವನು. ಇಂದು ನಮ್ಮ ಮನೆಯಲ್ಲಿ ಆ ಕೆಲಸ ಯಾರು ಮಾಡುತ್ತಾರೆ?

ಎಲ್ಲರಿಗೂ ಮಂಗಲವಾಗಲಿ. 🪷