ಉತ್ತರವಿಲ್ಲದ ಲೆಕ್ಕ

ಬ್ಲ್ಯಾಕ್‌ಟೌನ್‌ನ ನಮ್ಮ ಮನೆಗಳಲ್ಲಿ ಮಕ್ಕಳು ಲೆಕ್ಕದ ಮುಂದೆ "ಉತ್ತರವಿಲ್ಲ" ಎಂದು ಬರೆದರೆ ಗದರುತ್ತೇವೆ. ಇದು ಸರಿಯೇ?

ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರಲ್ಲೊಂದು ಸೊಗಸಾದ ಲೆಕ್ಕ: 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107, 7 ಮಾದಲ, 9 ಬೇಲಕ್ಕೆ 101. ಕೂಡಿಸಿದರೆ 16 ಜೋಡಿಗೆ 208, ಅಂದರೆ ಜೋಡಿಗೆ 13. ಕಳೆದು ಅರ್ಧ ಮಾಡಿದರೆ ಬೆಲೆಗಳ ಅಂತರ 3. ಮಾದಲ 8, ಬೇಲ 5. (ಬೇಲ ಇಲ್ಲೆಲ್ಲಾದರೂ ಸಿಕ್ಕರೆ ನನಗೂ ತಿಳಿಸಿ!)

ಅದೇ ಆಚಾರ್ಯರು ಋಣಸಂಖ್ಯೆಗೆ ವರ್ಗಮೂಲವೇ ಇಲ್ಲವೆಂದೂ ಹೇಳಿದರು. ವರ್ಗಮೂಲದ ನಕ್ಷೆ ಸೊನ್ನೆಯಿಂದ ಹೊರಟು ಬಲಕ್ಕೆ ಬಾಗುತ್ತಾ ಏರುತ್ತದೆ, ಎಡಗಡೆ ಖಾಲಿ. 1545ರಲ್ಲಿ ಇಟಲಿಯ ಕಾರ್ಡಾನೋ ಅಂಥ ಮೂಲಗಳನ್ನೇ ಹಿಡಿದು ಲೆಕ್ಕ ಮಾಡಿ ತೋರಿಸಿದ. ಆದರೂ ಆಚಾರ್ಯರು ಬಲ್ಲ ಸಂಖ್ಯೆಗಳೊಳಗೆ ಅವರ ಮಾತು ಇಂದಿಗೂ ನಿಜ.

ವೈದ್ಯನಾದ ನನಗೆ ಇದು ದಿನನಿತ್ಯದ ಪ್ರಶ್ನೆ. "ಔಷಧ ಇದೆಯಾ ಡಾಕ್ಟ್ರೇ?" ಎಂದವರಿಗೆ ಏನಾದರೊಂದು ಬರೆದುಕೊಡುವುದು ಸುಲಭ. "ನಾವು ಬಲ್ಲಷ್ಟರಲ್ಲಿ ಇಲ್ಲ" ಎಂದ ಮೇಲೆಯೇ ನೋವು ಹೇಗೆ ತಗ್ಗಿಸುವುದು, ಊರಿನಿಂದ ಯಾರನ್ನು ಕರೆಸಿಕೊಳ್ಳುವುದು ಎಂಬ ಮಾತು ಶುರುವಾಗುತ್ತದೆ.