‘ಮೆಲ್ಲಗೆ’ ಎಂಬ ನುಡಿ



ಗರ್ಭಗುಡಿಯ ಸುತ್ತ ಮಕ್ಕಳು ಓಡತೊಡಗಿದರೆ ನಮ್ಮ ಕೋಸಗಿಯಲ್ಲಿ ಒಬ್ಬ ತಾಯಿ ‘ಮೆಲ್ಲಗೆ’ ಎನ್ನುವಳು, ಇನ್ನೊಬ್ಬಳು ‘ಮೆಲ್ಲಗಾ’ ಎನ್ನುವಳು. ಮೊದಲನೆಯದು ಕನ್ನಡ, ಎರಡನೆಯದು ತೆಲುಗು. ಒಂದು ಭಾಷೆ ಇನ್ನೊಂದರಿಂದ ಕಡ ತಂದ ಮಾತು ಇದಲ್ಲ. ‘ಮೆಲ್’ ಎಂಬ ಒಂದೇ ಬೇರಿನಿಂದ ಎರಡೂ ಚಿಗುರಿವೆ. ತಮಿಳಿನ ‘ಮೆಲ್ಲ’ ಎಂಬುದೂ ಅದೇ ಬೇರಿನದು.

‘ಮೆಲ್’ ಎಂಬುದರ ಮೂಲಾರ್ಥ ಮೃದುತ್ವ. ಹಳಗನ್ನಡದಲ್ಲಿ ಮೃದುವಾದ ಮಾತು ಮೆಲ್ನುಡಿ. ಹಿತವಾಗಿ ಬೀಸುವ ಗಾಳಿ ಮೆಲ್ಲೆಲರ್. ನಿಧಾನವೆಂಬ ಅರ್ಥವು ಆ ಮೃದುತ್ವದ ಫಲ. ಆದಕಾರಣ ‘ಮೆಲ್ಲಗೆ ನಡೆ’ ಎಂದರೆ ಕೆಳಗಿನ ನೆಲಕ್ಕೂ ಪಕ್ಕದ ಜೀವಕ್ಕೂ ನೋವಾಗದಂತೆ ನಡೆ ಎಂದು ತಾತ್ಪರ್ಯ.

ಸಂಸ್ಕೃತದಲ್ಲಿ ಇದಕ್ಕೆ ಹತ್ತಿರದ ಮಾತು ‘ಶನೈಃ’. ನಾವು ಅಂಜುವ ಶನಿದೇವರ ಹೆಸರು ‘ಶನೈಶ್ಚರ’, ಅಂದರೆ ಮೆಲ್ಲಗೆ ಚಲಿಸುವವನು. ಒಂದು ರಾಶಿಯನ್ನು ದಾಟಲು ಆತನಿಗೆ ಸುಮಾರು 2½ ವರ್ಷ, ಹನ್ನೆರಡು ರಾಶಿಗಳನ್ನು ಸುತ್ತಲು ಸುಮಾರು 29½ ವರ್ಷ ಬೇಕು. ಪ್ರದಕ್ಷಿಣೆಗೂ ಹಿರಿಯರು ಇದೇ ಗತಿಯನ್ನು ವಿಧಿಸಿದ್ದಾರೆ: ತುಂಬು ಗರ್ಭಿಣಿಯು ಎಣ್ಣೆ ತುಂಬಿದ ಕೊಡವನ್ನು ಹೊತ್ತು ನಡೆವಂತೆ, ಹೆಜ್ಜೆಯ ಮುಂದೆ ಹೆಜ್ಜೆಯನ್ನಿಟ್ಟು ನಡೆಯಬೇಕು. ಆಕೆ ಕಾಯುವುದು ಕೊಡವನ್ನಷ್ಟೇ ಅಲ್ಲ, ಒಳಗಿನ ಕೂಸನ್ನೂ ಕೂಡ.

ಗದ್ವಾಲದ ಸೀಮೆಯ ಆಲಂಪುರಕ್ಕೆ ಹೋದವರು ನವಬ್ರಹ್ಮ ದೇವಾಲಯಗಳನ್ನು ಕಂಡಿರಬಹುದು. ಏಳು ಎಂಟನೆಯ ಶತಮಾನಗಳಲ್ಲಿ ಬಾದಾಮಿಯ ಚಾಲುಕ್ಯರ ಕಾಲದಲ್ಲಿ ಅವು ಎದ್ದವು. ಅಲ್ಲಿನ ಸ್ವರ್ಗಬ್ರಹ್ಮ ದೇವಾಲಯದಲ್ಲಿ ಗರ್ಭಗುಡಿಗೂ ಹೊರಗೋಡೆಗೂ ನಡುವೆ ಪ್ರದಕ್ಷಿಣೆಗೆಂದೇ ಹಾದಿಯನ್ನು ಬಿಟ್ಟಿದ್ದಾರೆ. ಅಂಥ ಹಾದಿಯಲ್ಲಿ ಒಬ್ಬನು ಧಾವಿಸಿದರೆ ಉಳಿದವರು ಗೋಡೆಗೆ ಒತ್ತಿ ನಿಲ್ಲಬೇಕಾಗುತ್ತದೆ.

ನಮ್ಮಲ್ಲಿಯೂ ಹಬ್ಬದ ದಿನ ನಡೆಯುವುದು ಇದೇ ಅಲ್ಲವೇ? ಮಂಗಳಾರತಿಯ ಗಂಟೆ ಕೇಳಿದೊಡನೆ ನಾವು ನುಗ್ಗುತ್ತೇವೆ. ಕೋಲೂರಿ ಬಂದ ಮುದುಕಿ ಹೊಸ್ತಿಲಲ್ಲೇ ಉಳಿಯುತ್ತಾಳೆ. ಅವಳನ್ನು ತಳ್ಳಿ ಪಡೆದ ದರ್ಶನದಿಂದ ಯಾವ ಪುಣ್ಯ ಬಂದೀತು?

ಕನ್ನಡದಲ್ಲಿ ‘ನಡೆ’ ಎಂದರೆ ಕಾಲಿನ ನಡಿಗೆಯೂ ಹೌದು, ಬಾಳಿನ ಆಚರಣೆಯೂ ಹೌದು. ತೆಲುಗಿನಲ್ಲಿಯೂ ‘ನಡಕ’, ‘ನಡತ’ ಎರಡೂ ಒಂದೇ ಧಾತುವಿನ ಮಕ್ಕಳು. ಕಲ್ಲಿನ ಜೀರ್ಣೋದ್ಧಾರವನ್ನು ಶಿಲ್ಪಿಗಳು ಮಾಡಿಕೊಟ್ಟರು. ನಡೆಯ ಜೀರ್ಣೋದ್ಧಾರವನ್ನು ನಾವೇ ಮಾಡಿಕೊಳ್ಳತಕ್ಕದ್ದು. ಹೊಸ ಹಾಸುಗಲ್ಲಿನ ಮೇಲೆ ಮೊದಲ ಹೆಜ್ಜೆಯನ್ನು ಆ ಮುದುಕಿಗೆ ಬಿಟ್ಟುಕೊಟ್ಟು, ಅವಳ ಹಿಂದೆ ಮೆಲ್ಲಗೆ ನಡೆಯುವ ಬುದ್ಧಿಯನ್ನು ಸ್ವಾಮಿಯು ನಮಗೆಲ್ಲರಿಗೂ ದಯಪಾಲಿಸಲಿ.